ಓದುಗರನ್ನು ಅರಸಿ ಹೊರಟ ಕಾದಂಬರಿಕಾರ: ಗಳಗನಾಥರ ಬದುಕು ಮತ್ತು ವಾಚಕಾಭಿರುಚಿಯ ಪ್ರಶ್ನೆ

1

ಕನ್ನಡದ ಸಾಹಿತ್ಯ ಚರಿತ್ರೆಗಳು ಕವಿಯನ್ನು, ಕೃತಿಯನ್ನು, ಕಾಲಧರ್ಮವನ್ನು ಕುರಿತು ವಿಸ್ತಾರವಾಗಿ ಚರ್ಚಿಸಿವೆ. ಓದುಗರನ್ನು ಕುರಿತು ಅವು ಆಡಿರುವ ಮಾತು ಕಡಿಮೆ. ಗದ್ಯಕಥನವನ್ನು ಹಣ ಕೊಟ್ಟು ಕೊಂಡು, ಮನೆಯಲ್ಲಿ ಕುಳಿತು ಓದುವ ಒಂದು ವರ್ಗ ಕನ್ನಡದಲ್ಲಿ ಹೇಗೆ ರೂಪುಗೊಂಡಿತು, ಆ ವರ್ಗಕ್ಕೆ ಇಂಥದನ್ನು ಓದಿರೆಂದು ಸೂಚಿಸಿದವರು ಯಾರು, ಆ ಸೂಚನೆಯ ಹಿಂದೆ ಯಾವ ಅಭಿರುಚಿಯ ಕಲ್ಪನೆ ಕೆಲಸ ಮಾಡಿತು ಎಂಬ ಪ್ರಶ್ನೆಗಳು ಬಹುಮಟ್ಟಿಗೆ ಹಿನ್ನೆಲೆಗೆ ಸರಿದಿವೆ. ಈ ಪ್ರಶ್ನೆಗಳನ್ನು ಕೈಗೆತ್ತಿಕೊಂಡಾಗ ಉತ್ತರ ಕರ್ನಾಟಕದ ಮಟ್ಟಿಗೆ ಮೊದಲು ಎದುರಾಗುವ ವ್ಯಕ್ತಿ ಗಳಗನಾಥರು. ಅವರನ್ನು ಕಾದಂಬರಿ ಪಿತಾಮಹರೆಂದು ಗೌರವದಿಂದ ನೆನೆದು, ಅನುವಾದಕರ ಸಾಲಿನಲ್ಲಿ ನಿಲ್ಲಿಸಿ, ಮುಂದಿನ ಘಟ್ಟಕ್ಕೆ ಸಾಗುವುದು ವಾಡಿಕೆಯಾಗಿದೆ. ಕೃತಿಗಳ ಗುಣಮೌಲ್ಯವೊಂದನ್ನೇ ಅಳತೆಗೋಲಾಗಿಸಿಕೊಂಡರೆ ಈ ಕ್ರಮ ಅಸಹಜವೇನಲ್ಲ. ಆದರೆ ಬರೆಯುವುದು, ಅಚ್ಚು ಹಾಕಿಸುವುದು, ಹೊತ್ತು ತರುವುದು, ಓದುಗರ ಕೈಗೆ ಒಪ್ಪಿಸುವುದು ಈ ನಾಲ್ಕನ್ನೂ ಒಬ್ಬರೇ ಮಾಡಿದ ಬದುಕೊಂದನ್ನು ಅರ್ಥಮಾಡಿಕೊಳ್ಳಲು ಆ ಅಳತೆಗೋಲು ಸಾಲದು.

2

ಗಳಗನಾಥರ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಅವರು ಹುಟ್ಟಿದ್ದು 1869ರಲ್ಲಿ, ಇಂದಿನ ಹಾವೇರಿ ಜಿಲ್ಲೆಗೆ ಸೇರಿದ ಗಳಗನಾಥ ಎಂಬ ಗ್ರಾಮದಲ್ಲಿ. ವರದೆಯು ತುಂಗಭದ್ರೆಯನ್ನು ಕೂಡುವ ಈ ಎಡೆ ಗಳಗೇಶ್ವರನ ಪ್ರಾಚೀನ ದೇವಾಲಯದಿಂದಾಗಿ ಪ್ರಸಿದ್ಧವಾದುದು. ಊರಿನ ಹೆಸರನ್ನೇ ಅವರು ಕಾವ್ಯನಾಮವಾಗಿಸಿಕೊಂಡರು. ಕಾಲಕ್ರಮದಲ್ಲಿ ಮೂಲ ಹೆಸರು ಮರೆತುಹೋಗುವಷ್ಟರ ಮಟ್ಟಿಗೆ ಕಾವ್ಯನಾಮವೇ ನಿಂತಿತು. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಶಿಕ್ಷಕ ತರಬೇತಿ ಪಡೆದು, ಅವರು ಕನ್ನಡ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿದರು.

ಅಂದಿನ ಧಾರವಾಡ ಜಿಲ್ಲೆ ಮುಂಬಯಿ ಆಧಿಪತ್ಯದ ಒಂದು ಭಾಗ. ಆಡಳಿತದಲ್ಲಿ, ವಿದ್ಯಾಭ್ಯಾಸದಲ್ಲಿ, ರಂಗಭೂಮಿಯಲ್ಲಿ ಮರಾಠಿಗೆ ಇದ್ದ ಮೇಲುಗೈ ಸುಪರಿಚಿತ ಸಂಗತಿ. ಡೆಪ್ಯುಟಿ ಚನ್ನಬಸಪ್ಪನವರಂಥವರ ಶ್ರಮದಿಂದ ಕನ್ನಡ ಶಾಲೆಗಳು ನೆಲೆಗೊಂಡವು. ಸಕ್ಕರಿ ಬಾಳಾಚಾರ್ಯರು, ಎಂದರೆ ಶಾಂತಕವಿಗಳು, ಗದುಗಿನ ಸೀಮೆಯಲ್ಲಿ ಕನ್ನಡ ನಾಟಕಕ್ಕೆ ಪ್ರೇಕ್ಷಕರನ್ನು ಸಿದ್ಧಪಡಿಸಿದರು. ಹೀಗೆ ಕನ್ನಡ ಅಕ್ಷರ ಕಲಿತ ಪೀಳಿಗೆಯೊಂದು ತಯಾರಾದರೂ ಅದರ ಬಿಡುವಿನ ಓದಿಗೆ ಬೇಕಾದ ಪುಸ್ತಕಗಳು ಕನ್ನಡದಲ್ಲಿ ವಿರಳವಾಗಿದ್ದವು. ಹಾಡುವ, ಕೇಳುವ ಕಾವ್ಯ ಇತ್ತು. ಪುರಾಣ ಪ್ರವಚನ ಇತ್ತು. ಒಬ್ಬರೇ ಕುಳಿತು ಕುತೂಹಲದಿಂದ ಪುಟ ತಿರುವುವ ಗದ್ಯಕಥೆಗೆ ಮಾತ್ರ ಮರಾಠಿಯತ್ತ ನೋಡಬೇಕಿತ್ತು. ಮನೆಯಲ್ಲಿ ಕನ್ನಡ ಮಾತನಾಡಿ, ಓದಿಗೆ ಮರಾಠಿಯನ್ನು ಹಿಡಿಯುವ ಸುಶಿಕ್ಷಿತ ವರ್ಗ ಗಳಗನಾಥರ ಎದುರಿಗಿತ್ತು. ಅವರ ಸಾಹಿತ್ಯ ವ್ಯವಸಾಯದ ಮೊದಲ ಪ್ರೇರಣೆಯನ್ನು ಇಲ್ಲಿಯೇ ಗುರುತಿಸಬೇಕಾಗುತ್ತದೆ.

3

1890ರಲ್ಲಿ ಧಾರವಾಡದಲ್ಲಿ ಸ್ಥಾಪನೆಗೊಂಡ ಕರ್ನಾಟಕ ವಿದ್ಯಾವರ್ಧಕ ಸಂಘವು ಕನ್ನಡ ಗ್ರಂಥರಚನೆಗೆ ಬಹುಮಾನಗಳ ಮೂಲಕ ಉತ್ತೇಜನ ಕೊಡತೊಡಗಿತು. ಗಳಗನಾಥರ ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’ 1898ರಲ್ಲಿ ಆ ಸಂಘದ ಬಹುಮಾನ ಪಡೆದುದು ಗಮನಾರ್ಹ. ಮರುವರ್ಷವೇ ಕರಾವಳಿಯಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಪ್ರಕಟವಾಯಿತು. ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಅದಾಗಲೇ 1885ರಲ್ಲಿ ‘ದುರ್ಗೇಶನಂದಿನಿ’ಯನ್ನು ಕನ್ನಡಕ್ಕೆ ತಂದು, ಬಂಕಿಮಚಂದ್ರರ ಕಥನಲೋಕವನ್ನು ಕನ್ನಡಿಗರಿಗೆ ಪರಿಚಯಿಸಿದ್ದರು. ಮೂರು ಆಡಳಿತ ಪ್ರದೇಶಗಳಲ್ಲಿ, ಮೂರು ಬಗೆಯ ಓದುಗರನ್ನು ಮುಂದಿಟ್ಟುಕೊಂಡು ಕನ್ನಡ ಕಾದಂಬರಿ ಏಕಕಾಲದಲ್ಲಿ ಕಣ್ತೆರೆಯುತ್ತಿತ್ತು.

ಈ ಮೂವರ ಹಾದಿಗಳಲ್ಲಿ ಇರುವ ವ್ಯತ್ಯಾಸ ಅಭಿರುಚಿಯ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಗುಲ್ವಾಡಿಯವರು ಸಮಕಾಲೀನ ಸಮಾಜದ ಕೊಳಕನ್ನು ಹೊರಗೆಡಹುವ ಮೂಲಕ ಓದುಗರನ್ನು ಅಲುಗಿಸಬಯಸಿದರು. ವೆಂಕಟಾಚಾರ್ಯರು ಬಂಗಾಳಿಯ ರಮ್ಯಕಥನದಿಂದ ಅವರನ್ನು ಸೆಳೆದರು. ಗಳಗನಾಥರು ಆಯ್ದುಕೊಂಡದ್ದು ಇತಿಹಾಸ ಮತ್ತು ನೀತಿಬೋಧೆಗಳ ಸಮ್ಮಿಶ್ರಣವನ್ನು. ಮರಾಠಿಯ ಹರಿನಾರಾಯಣ ಆಪ್ಟೆಯವರು (1864-1919) ಅವರಿಗೆ ಮುಖ್ಯ ಮಾದರಿಯಾಗಿ ಒದಗಿದರು. ಆಪ್ಟೆಯವರು ಸಾಮಾಜಿಕ, ಐತಿಹಾಸಿಕ ಎರಡೂ ಬಗೆಯ ಕಾದಂಬರಿಗಳನ್ನು ಬರೆದವರು. ‘ಕರಮಣೂಕ’ ಪತ್ರಿಕೆಯ ಮೂಲಕ ಕಥೆಯನ್ನು ಮನೆಮನೆಗೆ ತಲುಪಿಸಿದವರು. ಗಳಗನಾಥರು ಅವರಿಂದ ಹೆಚ್ಚಾಗಿ ಎತ್ತಿಕೊಂಡದ್ದು ಐತಿಹಾಸಿಕ ಧಾರೆಯನ್ನು. ಈ ಆಯ್ಕೆಯೇ ಒಂದು ಬಗೆಯ ಶಿಫಾರಸು ಎನ್ನಬಹುದು. ಅನುವಾದಕ್ಕೆ ಕೃತಿಯೊಂದನ್ನು ಎತ್ತಿಕೊಳ್ಳುವುದೆಂದರೆ ತನ್ನ ಜನ ಇದನ್ನು ಓದತಕ್ಕದ್ದು ಎಂದು ನಿರ್ಣಯಿಸುವುದು. ಬಿಟ್ಟುಬಿಟ್ಟ ಕೃತಿಗಳೂ ಆ ನಿರ್ಣಯದ ಭಾಗವೇ.

‘ಕನ್ನಡಿಗರ ಕರ್ಮಕಥೆ’ ಈ ದೃಷ್ಟಿಯಿಂದ ಮುಖ್ಯವಾದ ಕೃತಿ. ವಿಜಯನಗರದ ಪತನವನ್ನು ವಸ್ತುವಾಗಿಸಿಕೊಂಡ ಆಪ್ಟೆಯವರ ‘ವಜ್ರಾಘಾತ’ವನ್ನು ಆಧರಿಸಿದ ಇದರ ಶೀರ್ಷಿಕೆಯಲ್ಲೇ ದೃಷ್ಟಿಕೋನದ ಪಲ್ಲಟ ಕಾಣಿಸುತ್ತದೆ. ಮರಾಠಿ ಓದುಗರಿಗೆ ಅದು ದಕ್ಷಿಣದ ಸಾಮ್ರಾಜ್ಯವೊಂದರ ದುರಂತಕಥೆ. ಕನ್ನಡ ಓದುಗರಿಗೆ ಸ್ವಂತ ಚರಿತ್ರೆಯ ಗಾಯ. ಮುಂದೆ 1923ರಲ್ಲಿ ಬಂದ ‘ಮಾಧವ ಕರುಣಾವಿಲಾಸ’ದಲ್ಲಿ ಅವರು ವಿದ್ಯಾರಣ್ಯರನ್ನು ಕೇಂದ್ರದಲ್ಲಿರಿಸಿ ವಿಜಯನಗರದ ಸ್ಥಾಪನೆಯ ಕಥೆಯನ್ನು ಹೇಳಿದರು. ಪತನದ ಕಥೆಯನ್ನು ಎರವಲು ತಂದವರು ಉದಯದ ಕಥೆಯನ್ನು ತಾವೇ ಕಟ್ಟಿದರೆಂಬುದು ಅರ್ಥಪೂರ್ಣ. 1917ರಲ್ಲಿ ಆಲೂರ ವೆಂಕಟರಾಯರ ‘ಕರ್ನಾಟಕ ಗತವೈಭವ’ ಪ್ರಕಟವಾಯಿತು. ಆಲೂರರು ವಿಚಾರರೂಪದಲ್ಲಿ ಮುಂದಿಟ್ಟ ಕರ್ನಾಟಕತ್ವದ ಭಾವನೆ ಕಥಾರೂಪದಲ್ಲಿ ಓದುಗರ ಮನೆಗಳನ್ನು ಸೇರುವಲ್ಲಿ ಗಳಗನಾಥರ ಪಾತ್ರ ದೊಡ್ಡದು.

4

ಪುಸ್ತಕ ಬರೆದ ಮಾತ್ರಕ್ಕೆ ಓದುಗ ಸಿಗುವುದಿಲ್ಲ ಎಂಬುದನ್ನು ಗಳಗನಾಥರು ಬೇಗನೆ ಕಂಡುಕೊಂಡರು. ಆಗಡಿಯ ಆನಂದವನದ ಶೇಷಾಚಲ ಸದ್ಗುರುಗಳ ಸಂಪರ್ಕ ಅವರ ಬದುಕಿನಲ್ಲಿ ಒಂದು ತಿರುವು. ಆ ಆಶ್ರಯದಲ್ಲಿ 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಆರಂಭವಾಯಿತು. ಹೆಸರೇ ಸೂಚಿಸುವಂತೆ ಪತ್ರಿಕೆಯ ಉದ್ದೇಶ ಆಧ್ಯಾತ್ಮಿಕ ಮತ್ತು ನೈತಿಕ ಬೋಧೆ. ಆದರೆ ಅದರ ಜನಪ್ರಿಯತೆಯಲ್ಲಿ ಗಳಗನಾಥರ ಕಥನಗಳ ಪಾಲನ್ನು ಅಲ್ಲಗಳೆಯುವಂತಿಲ್ಲ. ತಿಂಗಳಿಗೊಮ್ಮೆ ಬರುವ ಪತ್ರಿಕೆ ಓದಿಗೆ ಒಂದು ಲಯವನ್ನು ತಂದುಕೊಡುತ್ತದೆ. ಒಂದೇ ಪ್ರತಿ ಹಲವು ಕೈಗಳನ್ನು ದಾಟುತ್ತದೆ. ಓದು ಬಾರದವರಿಗೆ ಓದು ಬಲ್ಲವರು ಓದಿ ಹೇಳುವ ಹಳೆಯ ಪದ್ಧತಿಯೂ ಅದರೊಡನೆ ಹೊಂದಿಕೊಳ್ಳುತ್ತದೆ. ಪುರಾಣಶ್ರವಣದ ಅಭ್ಯಾಸವುಳ್ಳ ಸಮಾಜವು ಕಾದಂಬರಿಯ ಓದಿಗೆ ಹೊರಳಲು ಇಂಥ ಸೇತುವೆಯೊಂದು ಅಗತ್ಯವಾಗಿತ್ತು.

ಇಲ್ಲಿ ಆ ಕಾಲದ ಒಂದು ಮುಖ್ಯ ವಾಗ್ವಾದವನ್ನು ನೆನೆಯಬೇಕು. ಕಾದಂಬರಿ ಓದು ಎಳೆಯರ ಮನಸ್ಸನ್ನು ಕೆಡಿಸುತ್ತದೆ, ಕಾಲಹರಣಕ್ಕೆ ಕಾರಣವಾಗುತ್ತದೆ, ಹೆಣ್ಣುಮಕ್ಕಳಿಗಂತೂ ಸಲ್ಲದು ಎಂಬ ಆತಂಕ ಭಾರತದ ಹಲವು ಭಾಷೆಗಳಲ್ಲಿ ಆಗ ವ್ಯಕ್ತವಾಗಿತ್ತು. ಈ ಆಕ್ಷೇಪವನ್ನು ಗಳಗನಾಥರು ಎದುರಿಸಿದ್ದು ರಚನೆಯ ಮೂಲಕ. ಅವರ ಕಾದಂಬರಿಗಳಲ್ಲಿ ನಿರೂಪಕನು ಆಗಾಗ ಕಥೆಯನ್ನು ನಿಲ್ಲಿಸಿ ನೀತಿ ಹೇಳುತ್ತಾನೆ. ಪಾತಿವ್ರತ್ಯ, ಗುರುಭಕ್ತಿ, ಸ್ವದೇಶಾಭಿಮಾನಗಳು ಗೆಲ್ಲುತ್ತವೆ. ದುಷ್ಟರು ಶಿಕ್ಷೆ ಹೊಂದುತ್ತಾರೆ. ಇದನ್ನು ಕಲಾದೋಷವೆಂದು ಮುಂದಿನ ವಿಮರ್ಶೆ ಎಣಿಸಿತು. ಆದರೆ ಈ ನೀತಿಯ ಹೊದಿಕೆಯೇ ಕಾದಂಬರಿಗೆ ಮರ್ಯಾದಸ್ಥರ ಮನೆಯ ಬಾಗಿಲನ್ನು ತೆರೆಸಿದ ಅನುಮತಿಪತ್ರವೂ ಆಗಿತ್ತು. ಹಿರಿಯರು ಬೋಧೆಗೆಂದು ಒಪ್ಪಿದ ಪುಸ್ತಕವನ್ನು ಕಿರಿಯರು ಕಥೆಗೆಂದು ಓದಿದರು. ಒಂದೇ ಕೃತಿ ಎರಡು ಅಭಿರುಚಿಗಳನ್ನು ಏಕಕಾಲಕ್ಕೆ ತಣಿಸಬಲ್ಲುದಾಗಿತ್ತು.

5

ಮುಂದೆ ಗಳಗನಾಥರು ಆಗಡಿಯಿಂದ ಬೇರೆಯಾಗಿ, ಹಾವೇರಿಯನ್ನು ಕೇಂದ್ರವಾಗಿಸಿಕೊಂಡು ‘ಸದ್ಗುರು’ ಪತ್ರಿಕೆಯನ್ನು ನಡೆಸಿದರು. ‘ಕುಮುದಿನಿ’, ‘ಛತ್ರಪತಿ’, ‘ಈಶ್ವರೀಸೂತ್ರ’, ‘ಗೃಹಕಲಹ’ ಮೊದಲಾಗಿ ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳು ಅವರ ಲೇಖನಿಯಿಂದ ಬಂದವು. ಶಿಕ್ಷಕವೃತ್ತಿಯ ನಿಶ್ಚಿತ ವರಮಾನವನ್ನು ತೊರೆದು, ಗ್ರಂಥರಚನೆ ಮತ್ತು ಮಾರಾಟವನ್ನೇ ಬದುಕಾಗಿಸಿಕೊಂಡುದು ಆ ಕಾಲದ ಕನ್ನಡದಲ್ಲಿ ದೊಡ್ಡ ಸಾಹಸ. ಪುಸ್ತಕದ ಅಂಗಡಿಗಳ ಜಾಲವಿಲ್ಲದ ಆ ದಿನಗಳಲ್ಲಿ ಅವರು ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರೆಂಬುದು ಕನ್ನಡ ನಾಡಿನಲ್ಲಿ ಮನೆಮಾತಾಗಿರುವ ಸಂಗತಿ.

ಈ ಹೊರೆಯ ಚಿತ್ರವನ್ನು ತ್ಯಾಗದ ಸಂಕೇತವಾಗಿ ಮಾತ್ರ ಕಾಣುವುದು ರೂಢಿ. ಅದಕ್ಕೆ ಇನ್ನೊಂದು ಮಗ್ಗುಲಿದೆ. ಅಂಗಡಿಯಲ್ಲಿ ಪುಸ್ತಕವನ್ನು ಆರಿಸುವವನು ಗಿರಾಕಿ. ಮನೆಬಾಗಿಲಿಗೆ ಬಂದ ಹೊರೆಯಿಂದ ಈ ಮನೆಗೆ ಇದು ತಕ್ಕುದೆಂದು ತೆಗೆದುಕೊಡುವವನು ಮಾರುವವನು. ಮಾರುವವನೇ ಗ್ರಂಥಕರ್ತನೂ, ಒಂದು ಕಾಲದ ಮಾಸ್ತರನೂ ಆಗಿದ್ದಾಗ ಆ ವ್ಯವಹಾರ ಬರಿಯ ಕ್ರಯವಿಕ್ರಯವಾಗಿ ಉಳಿಯುವುದು ಸಾಧ್ಯವಿಲ್ಲ. ಯಾವುದು ಓದತಕ್ಕುದು ಎಂಬ ವಿಚಾರ ಅಲ್ಲಿ ನಡೆಯಲೇಬೇಕು. ಜೊತೆಗೆ, ಯಾವ ಪುಸ್ತಕ ಮುಗಿಯಿತು, ಯಾವುದು ಹೊರೆಯಲ್ಲಿಯೇ ಉಳಿಯಿತು ಎಂಬುದು ಲೇಖಕನಿಗೆ ಅಂದಂದೇ ತಿಳಿಯುತ್ತದೆ. ವಿಮರ್ಶಾ ಸಂಸ್ಥೆಗಳು ಇನ್ನೂ ಬಲಗೊಳ್ಳದ ಕಾಲದಲ್ಲಿ, ಕನ್ನಡ ಸಾಹಿತ್ಯ ಪರಿಷತ್ತು (1915) ಇನ್ನೂ ಎಳೆಯ ಸಂಸ್ಥೆಯಾಗಿದ್ದಾಗ, ಓದುಗರ ಅಭಿಪ್ರಾಯ ಲೇಖಕನನ್ನು ತಲುಪುವ ನೇರ ಹಾದಿ ಈ ಹೊರೆಯಾಗಿತ್ತು. ಅಭಿರುಚಿ ಒಬ್ಬನು ವಿಧಿಸಿ ಇನ್ನೊಬ್ಬನು ಸ್ವೀಕರಿಸುವ ವಸ್ತುವಾಗಿರದೆ, ಕೊಡುಕೊಳ್ಳುವಿಕೆಯಲ್ಲಿ ರೂಪುಗೊಳ್ಳುವ ಸಂಬಂಧವೆಂಬುದಕ್ಕೆ ಗಳಗನಾಥರ ಅಲೆದಾಟಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

6

ಗಳಗನಾಥರ ಕೊನೆಯ ದಶಕದಲ್ಲಿ ಕನ್ನಡ ಕಾದಂಬರಿಯ ದಿಕ್ಕು ಬದಲಾಯಿತು. ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ, ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ 1936ರಲ್ಲಿ ಬಂದವು, ಅ. ನ. ಕೃಷ್ಣರಾಯರ ಕಾದಂಬರಿಗಳು ಹೊಸದೊಂದು ಜನಪ್ರಿಯತೆಯನ್ನು ಗಳಿಸತೊಡಗಿದವು. ರಾಜರಾಣಿಯರ ಕಥೆಯ ಸ್ಥಾನದಲ್ಲಿ ಬೇಸಾಯಗಾರ, ಹೊಲೆಯ, ಮಲೆನಾಡಿನ ಒಕ್ಕಲು ಮನೆ ಬಂದವು. ನೀತಿಬೋಧಕ ನಿರೂಪಕನು ಹಿಂದೆ ಸರಿದನು. ಹೊಸ ಅಭಿರುಚಿಯ ಕಣ್ಣಿಗೆ ಗಳಗನಾಥರ ಸಂಸ್ಕೃತಭೂಯಿಷ್ಠ ಶೈಲಿ, ದೀರ್ಘ ವರ್ಣನೆ, ಪೂರ್ವನಿಶ್ಚಿತ ಪಾತ್ರಗಳು ಹಳತಾಗಿ ಕಂಡುದು ಸಹಜ. ಅವರು ತಿದ್ದಿ ಬೆಳೆಸಿದ ಓದುಗವರ್ಗವೇ ಅವರನ್ನು ದಾಟಿ ಮುಂದೆ ನಡೆಯಿತು. ಮುಪ್ಪಿನಲ್ಲಿ ಬಡತನವನ್ನು ಅನುಭವಿಸಿ, 1942ರಲ್ಲಿ ಅವರು ನಿಧನರಾದರು.

ಅವರ ಕೃತಿಗಳ ಬಗೆಗಿನ ಆಕ್ಷೇಪಗಳಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಕನ್ನಡಿಗರನ್ನು ಮರಾಠಿ ಓದಿನಿಂದ ಬಿಡಿಸಹೊರಟವರು ಮರಾಠಿಯ ಕಥನವನ್ನೇ ಕನ್ನಡದಲ್ಲಿ ನೆಲೆಗೊಳಿಸಿದರೆಂಬುದು ಒಂದು ವಿರೋಧಾಭಾಸ. ಮರಾಠರ ಇತಿಹಾಸದ ವೀರಗಾಥೆಗಳೊಂದಿಗೆ ಅವುಗಳಲ್ಲಿ ಅಡಗಿದ್ದ ಧಾರ್ಮಿಕ ಪೂರ್ವಗ್ರಹಗಳೂ ಕನ್ನಡದ ಓದಿಗೆ ಹರಿದುಬಂದವು. ಸ್ತ್ರೀಯ ಆದರ್ಶವನ್ನು ಪಾತಿವ್ರತ್ಯಕ್ಕೆ ಸೀಮಿತಗೊಳಿಸಿದ ಅವರ ದೃಷ್ಟಿಯನ್ನು ಸ್ತ್ರೀವಾದಿ ಓದು ಪ್ರಶ್ನಿಸದೆ ಬಿಡಲಾರದು. ಅವರು ಕಂಡ ಓದುಗಲೋಕ ಬಹುಮಟ್ಟಿಗೆ ಅಕ್ಷರ ಬಲ್ಲ ಮೇಲುವರ್ಗಗಳದು. ಅದರಾಚೆಗಿನ ಸಮುದಾಯಗಳ ರುಚಿ ಅವರ ಲೆಕ್ಕದೊಳಗೆ ಬರಲಿಲ್ಲ. ಓದನ್ನು ಸೂಚಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಸಾಹಿತ್ಯಕ ಪ್ರಶ್ನೆಯಷ್ಟೇ ಸಾಮಾಜಿಕ ಪ್ರಶ್ನೆಯೂ ಹೌದು.

ಇಷ್ಟಾದರೂ ಅವರನ್ನು ಬರಿಯ ಪೂರ್ವಪೀಠಿಕೆಯಾಗಿ ಓದುವ ಕ್ರಮ ಮರುಪರಿಶೀಲನೆಯನ್ನು ಬೇಡುತ್ತದೆ. ಉತ್ತಮ ಅಭಿರುಚಿ, ಜನಪ್ರಿಯ ಅಭಿರುಚಿ ಎಂಬ ವಿಭಜನೆಯನ್ನು ಕನ್ನಡ ವಿಮರ್ಶೆ ದೃಢಪಡಿಸಿಕೊಂಡದ್ದು ಓದುಗವರ್ಗವೊಂದು ಸಿದ್ಧವಾದ ಬಳಿಕ. ಆ ವಿಭಜನೆಯನ್ನು ಅದಕ್ಕೂ ಹಿಂದಿನ ಕಾಲಕ್ಕೆ ಅನ್ವಯಿಸಿ ಗಳಗನಾಥರನ್ನು ಎರಡನೆಯ ವರ್ಗಕ್ಕೆ ಸೇರಿಸಿದರೆ, ವಿಮರ್ಶೆ ತಾನು ನಿಂತ ನೆಲವನ್ನೇ ಮರೆತಂತಾಗುತ್ತದೆ. ವಿಶ್ವವಿದ್ಯಾಲಯಗಳ ಪಠ್ಯಕ್ರಮದಲ್ಲಿ ಕಾದಂಬರಿಯ ಉಗಮವನ್ನು ಬೋಧಿಸುವಾಗ ಮೊದಲ ಸ್ವತಂತ್ರ ಕಾದಂಬರಿ ಯಾವುದೆಂಬ ಚರ್ಚೆಗೆ ದೊರೆಯುವ ಅವಕಾಶ, ಕಾದಂಬರಿಯನ್ನು ಓದುವ ರೂಢಿ ಹೇಗೆ ಬೆಳೆಯಿತೆಂಬ ಚರ್ಚೆಗೂ ದೊರೆಯಬೇಕಾಗಿದೆ. ಸದ್ಬೋಧ ಚಂದ್ರಿಕೆಯ ಹಳೆಯ ಸಂಪುಟಗಳು, ಹಳ್ಳಿಯ ಮನೆಗಳ ಅಟ್ಟದಲ್ಲಿ ಉಳಿದಿರಬಹುದಾದ ಪ್ರತಿಗಳು, ಅವುಗಳ ಅಂಚಿನಲ್ಲಿ ಓದುಗರು ಹಾಕಿದ ಗುರುತುಗಳು ಈ ಅಧ್ಯಯನಕ್ಕೆ ಆಕರಗಳಾಗಬಲ್ಲವು. ಅವು ನಶಿಸುವ ಮೊದಲೇ ಸಂಗ್ರಹಕಾರ್ಯ ನಡೆದರೆ, ಗಳಗನಾಥರ ಹೊರೆಯಿಂದ ಪುಸ್ತಕ ಪಡೆದು ಓದಿದವರಿಗೂ ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಸ್ಥಾನ ದೊರೆತೀತು.