ಆಲಿವರ್ ಹೆವಿಸೈಡ್

ಆಲಿವರ್ ಹೆವಿಸೈಡ್ 1850ರಲ್ಲಿ ಲಂಡನ್ನಿನ ಬಡ ಕುಟುಂಬವೊಂದರಲ್ಲಿ ಜನಿಸಿದನು. ಬಾಲ್ಯದ ಕಾಯಿಲೆಯಿಂದ ಅವನ ಕಿವಿ ಮಂದವಾಯಿತು. ಹದಿನಾರನೆಯ ವಯಸ್ಸಿಗೆ ಶಾಲೆಯನ್ನು ಬಿಟ್ಟು ತಂತಿ ಕಚೇರಿಯನ್ನು ಸೇರಿದ ಆತ, 1874ರಲ್ಲಿ ಅದನ್ನೂ ತೊರೆದು, ಮ್ಯಾಕ್ಸ್‌ವೆಲ್ಲನ ವಿದ್ಯುತ್ಕಾಂತ ಸಿದ್ಧಾಂತವನ್ನು ಮನೆಯಲ್ಲಿಯೇ ಕುಳಿತು ಅರಗಿಸಿಕೊಂಡನು.

ಆ ಕಾಲದಲ್ಲಿ ದೂರವಾಣಿಯ ಮಾತು ಉದ್ದವಾದ ತಂತಿಯಲ್ಲಿ ಸಾಗುವಾಗ ಕಲಸಿಹೋಗುತ್ತಿತ್ತು. ಧ್ವನಿಯ ಬೇರೆ ಬೇರೆ ಕಂಪನಗಳು ಬೇರೆ ಬೇರೆ ವೇಗದಲ್ಲಿ ಚಲಿಸುತ್ತಿದ್ದುದು ಇದಕ್ಕೆ ಮುಖ್ಯ ಕಾರಣ. ತಂತಿಯ ಪ್ರೇರಕತ್ವವನ್ನು ಹೆಚ್ಚಿಸಿದರೆ ಈ ದೋಷ ನೀಗುವುದೆಂದು ಹೆವಿಸೈಡ್ 1887ರಲ್ಲಿ ಗಣಿತದಿಂದ ತೋರಿಸಿದನು. ಪ್ರೇರಕತ್ವವೇ ಹಾನಿಕರವೆಂದು ನಂಬಿದ್ದ ಅಂಚೆ ಇಲಾಖೆಯ ಹಿರಿಯ ತಜ್ಞ ವಿಲಿಯಂ ಪ್ರೀಸ್ ಇದನ್ನು ಒಪ್ಪಲಿಲ್ಲ. ಮುಂದೆ ಅಮೆರಿಕದಲ್ಲಿ ಕ್ಯಾಂಪ್‌ಬೆಲ್ ಮತ್ತು ಪ್ಯೂಪಿನ್ ಎಂಬವರು ತಂತಿಯ ನಡುನಡುವೆ ಸುರುಳಿಗಳನ್ನು ಅಳವಡಿಸುವ ವಿಧಾನವನ್ನು ರೂಪಿಸಿದಾಗ ಮಾತು ಸ್ಪಷ್ಟವಾಗಿ ದೂರದೂರಕ್ಕೆ ತಲುಪಿತು. ಪ್ಯೂಪಿನ್ನನಿಗೆ ಅಪಾರ ಧನ ಬಂದಿತು. ಹೆವಿಸೈಡನಿಗೆ ಒಂದು ಕಾಸೂ ದೊರೆಯಲಿಲ್ಲ.

1901ರಲ್ಲಿ ಮಾರ್ಕೋನಿಯ ನಿಸ್ತಂತು ಸಂಕೇತ ಅಟ್ಲಾಂಟಿಕ್ ಸಾಗರವನ್ನು ದಾಟಿತು. ನೇರವಾಗಿ ಸಾಗುವ ಅಲೆ ಭೂಮಿಯ ಬಾಗನ್ನು ಬಳಸಿದ್ದು ಹೇಗೆ? ಆಕಾಶದ ಎತ್ತರದಲ್ಲಿ ವಿದ್ಯುದ್ವಾಹಕ ಪದರವೊಂದು ಅಲೆಗಳನ್ನು ತಡೆದು ಭೂಮಿಯ ಸುತ್ತ ನಡೆಸುತ್ತಿರಬಹುದೆಂದು 1902ರಲ್ಲಿ ಹೆವಿಸೈಡ್ ಬರೆದನು. ಅಮೆರಿಕದ ಕೆನೆಲಿಯೂ ಅದೇ ವರ್ಷ ಹಾಗೆಯೇ ಊಹಿಸಿದ್ದನು. 1924ರಲ್ಲಿ ಆಪಲ್ಟನ್ ಪ್ರಯೋಗದಿಂದ ಆ ಪದರದ ಇರವನ್ನು ಖಚಿತಪಡಿಸಿದನು. ಮರುವರ್ಷ ಫೆಬ್ರವರಿಯಲ್ಲಿ ಹೆವಿಸೈಡ್ ಟಾರ್ಕಿ ಪಟ್ಟಣದಲ್ಲಿ ನಿಧನನಾದನು.

ತಂತಿಯ ಮಾತಿಗೂ ನಿಸ್ತಂತು ಸಂಕೇತಕ್ಕೂ ದಾರಿ ತೋರಿದ ಈ ಮಹನೀಯನು ಕಾಲೇಜಿನ ಮೆಟ್ಟಿಲನ್ನು ಹತ್ತಿದವನಲ್ಲ.