ಕರ್ಮವೀರ ಭಾವುರಾವ್ ಪಾಟೀಲ: ಹಿಡಿಧಾನ್ಯದಿಂದ ಶಾಲೆ ಕಟ್ಟಿದ ಶ್ರಾವಕ

ಕುಂಭೋಜ ಬಾಹುಬಲಿ ಕ್ಷೇತ್ರದ ದರ್ಶನಕ್ಕೆ ನಮ್ಮ ರಾಜ್ಯದಿಂದ ಪ್ರತಿವರ್ಷ ಬಹಳ ಕುಟುಂಬಗಳು ಹೋಗಿಬರುತ್ತವೆ. ಅದೇ ಕುಂಭೋಜ ಗ್ರಾಮದ ಒಂದು ದಿಗಂಬರ ಜೈನ ರೈತ ಮನೆತನದಲ್ಲಿ 1887ರ ಸೆಪ್ಟೆಂಬರ್ 22ರಂದು ಭಾವುರಾವ್ ಪಾಟೀಲರು ಜನಿಸಿದರು. ತಂದೆ ಪಾಯಗೌಂಡ, ತಾಯಿ ಗಂಗಾಬಾಯಿ. ಅವರ ಪೂರ್ವಿಕರು ನಮ್ಮ ಮೂಡುಬಿದಿರೆಯ ಕಡೆಯಿಂದ ಹೋದವರೆಂದು ಹೇಳುತ್ತಾರೆ.

ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದಿದರೂ ಭಾವುರಾವ್ ಅವರಿಗೆ ಮೆಟ್ರಿಕ್ ಮುಗಿಸಲಾಗಲಿಲ್ಲ. ಆದರೆ ಆ ಊರಿನಲ್ಲಿ ಶಾಹು ಮಹಾರಾಜರು ಎಲ್ಲ ಜಾತಿಯ ಮಕ್ಕಳಿಗಾಗಿ ಮಾಡುತ್ತಿದ್ದ ಕೆಲಸವನ್ನು ಕಣ್ಣಾರೆ ಕಂಡರು. ಮುಂದೆ ಹೊಟ್ಟೆಪಾಡಿಗಾಗಿ ಮಕ್ಕಳಿಗೆ ಮನೆಪಾಠ ಹೇಳಿದರು. ಓಗಲೆ ಕಂಪನಿಯ ಲಾಟೀನು, ಕಿರ್ಲೋಸ್ಕರ್ ನೇಗಿಲು ಮಾರುತ್ತ ಊರೂರು ತಿರುಗಿದರು. ಆಗ ಕಂಡದ್ದೇನು? ಲೋಕಲ್ ಬೋರ್ಡಿನ ಶಾಲೆ ಎಷ್ಟೋ ಹಳ್ಳಿಗಳಿಗೆ ತಲುಪಿರಲಿಲ್ಲ. ಶಾಲೆ ಇದ್ದಲ್ಲಿಯೂ ಬಡವರ ಮಕ್ಕಳು, ಅದರಲ್ಲೂ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳು ಹೊರಗೇ ಉಳಿಯುತ್ತಿದ್ದರು.

1919ರಲ್ಲಿ ಕರಾಡ ಹತ್ತಿರದ ಕಾಲೆ ಎಂಬ ಹಳ್ಳಿಯಲ್ಲಿ ರಯತ್ ಶಿಕ್ಷಣ ಸಂಸ್ಥೆ ಸ್ಥಾಪನೆಯಾಯಿತು. ರಯತ್ ಎಂದರೆ ರೈತಾಪಿ ಜನ. ಹೆಸರಿಗೆ ತಕ್ಕಂತೆಯೇ ಸಂಸ್ಥೆ ನಡೆಯಿತು. ಭಾವುರಾವ್ ಅವರು ಹಳ್ಳಿಗೆ ಹೋಗಿ ಜನರನ್ನು ಸೇರಿಸಿ, ಶಾಲೆ ನಿಮ್ಮದು, ನೀವೇನು ಕೊಡುತ್ತೀರಿ ಎಂದು ಕೇಳುವರು. ಒಬ್ಬರು ಜಾಗ ಕೊಟ್ಟರೆ ಮತ್ತೊಬ್ಬರು ಕಲ್ಲು, ಮರ ಕೊಡುವರು. ಏನೂ ಇಲ್ಲದವರು ಮೈಮುರಿದು ದುಡಿಯುವರು. ಮನೆಮನೆಯ ಹೆಂಗಸರು ಹಿಡಿ ಹಿಡಿ ಧಾನ್ಯ ತೆಗೆದಿಟ್ಟು ವಿದ್ಯಾರ್ಥಿನಿಲಯಕ್ಕೆ ಕೊಡುವರು. ಇದಕ್ಕೆ ಮುಷ್ಟಿ ಫಂಡ್ ಎಂದು ಹೆಸರಾಯಿತು. ಒಂದು ಹಿಡಿ ಜೋಳ ಕೊಟ್ಟ ತಾಯಿಗೂ ಶಾಲೆ ಹೇಗೆ ನಡೆದಿದೆ ಎಂದು ಕೇಳುವ ಹಕ್ಕು ಬಂತು. ಅದೇ ಆ ಫಂಡಿನ ನಿಜವಾದ ಬೆಲೆ.

1924ರಲ್ಲಿ ಸಂಸ್ಥೆ ಸಾತಾರಾಕ್ಕೆ ಬಂತು. ಅಲ್ಲಿನ ವಿದ್ಯಾರ್ಥಿನಿಲಯದಲ್ಲಿ ಎಲ್ಲ ಜಾತಿಯ ಹುಡುಗರೂ ಒಟ್ಟಿಗೆ ಅಡುಗೆ ಮಾಡಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದು, ಆ ನಿಲಯಕ್ಕೆ ಶಾಹು ಮಹಾರಾಜರ ಹೆಸರಿಡುವ ಸಮಾರಂಭ ನಡೆಸಿಕೊಟ್ಟರು.

ಧರ್ಮಪತ್ನಿ ಲಕ್ಷ್ಮೀಬಾಯಿಯವರನ್ನು ಇಲ್ಲಿ ನೆನೆಯಲೇಬೇಕು. ನಿಲಯದಲ್ಲಿ ಕಾಳು ಮುಗಿದು ಮಕ್ಕಳು ಹಸಿದಾಗ ಆ ತಾಯಿ ಮೈಮೇಲಿನ ಬಂಗಾರವನ್ನೆಲ್ಲ ಕೊಟ್ಟರು, ಕೊನೆಗೆ ಮಂಗಳಸೂತ್ರವನ್ನೂ ಉಳಿಸಿಕೊಳ್ಳಲಿಲ್ಲ. 1930ರಲ್ಲಿ ಅವರು ತೀರಿಕೊಂಡರು.

ಸಂಸ್ಥೆ ಬೆಳೆಯುತ್ತ ಹೋಯಿತು. 1935ರಲ್ಲಿ ಶಿಕ್ಷಕರ ತರಬೇತಿ ಕಾಲೇಜು, 1940ರಲ್ಲಿ ಸಾತಾರಾದಲ್ಲಿ ಸಯಾಜಿರಾವ್ ಹೈಸ್ಕೂಲು, 1947ರಲ್ಲಿ ಶಿವಾಜಿ ಕಾಲೇಜು ಆದವು. ಹುಡುಗರು ಹೊಲದಲ್ಲಿ ದುಡಿದು ತಮ್ಮ ಓದಿನ ಖರ್ಚು ತಾವೇ ಗಳಿಸುವ ಪದ್ಧತಿ ಬಂತು. ದೊಡ್ಡ ದಾನಿಯೊಬ್ಬರು ಕಾಲೇಜಿಗೆ ತಮ್ಮ ಕಡೆಯ ಹೆಸರಿಟ್ಟರೆ ಭಾರಿ ಮೊತ್ತ ಕೊಡುವುದಾಗಿ ಹೇಳಿದಾಗ, ಶಿವಾಜಿಯ ಹೆಸರು ತೆಗೆಯಲು ಭಾವುರಾವ್ ಒಪ್ಪಲಿಲ್ಲ ಎಂಬುದು ಜನಜನಿತ.

ಸ್ವಾತಂತ್ರ್ಯ ಬಂದ ಮೇಲೆ ಅವರ ನೇರ ಮಾತಿನಿಂದ ಸರ್ಕಾರಕ್ಕೆ ಅಸಮಾಧಾನವಾಗಿ ಸಂಸ್ಥೆಯ ಅನುದಾನವೇ ನಿಂತುಹೋಯಿತು. ಆದರೂ ಶಾಲೆಗಳಿಗೆ ಬೀಗ ಬೀಳಲಿಲ್ಲ. ಹಿಡಿಧಾನ್ಯ ಕೊಟ್ಟ ಜನ ಕೈಬಿಡಲಿಲ್ಲ. ಸಂತ ಗಾಡಗೆ ಮಹಾರಾಜರಂಥವರು ಅವರ ಪರವಾಗಿ ನಿಂತರು. ಮುಂದೆ ಅನುದಾನ ಮತ್ತೆ ಬಂತು.

1959ರಲ್ಲಿ ಪದ್ಮಭೂಷಣವೂ ಪುಣೆ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟೂ ಸಂದವು. ಅದೇ ವರ್ಷ ಮೇ 9ರಂದು ಅವರು ದೇಹ ಬಿಟ್ಟರು. ಜೀವಮಾನದಲ್ಲಿ ಅವರು ಆರಂಭಿಸಿದ್ದು 38 ವಿದ್ಯಾರ್ಥಿನಿಲಯ, 578 ಸ್ವಯಂಸೇವಾ ಶಾಲೆ, 6 ತರಬೇತಿ ಕಾಲೇಜು, 108 ಹೈಸ್ಕೂಲು ಮತ್ತು 3 ಕಾಲೇಜು. ಸಂಸ್ಥೆಯ ಲಾಂಛನ ಆಲದ ಮರ. ಬಿಳಲು ನೆಲಕ್ಕಿಳಿದು ತಾನೇ ಬೇರಾಗುವ ಮರ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಹಸಿದ ಮಗುವಿಗೆ ಅನ್ನ, ಅಕ್ಷರ, ಅಂಜಿಕೆಯಿಲ್ಲದ ಜಾಗ ಇಷ್ಟನ್ನೂ ಈ ಶ್ರಾವಕರು ಒಂದೇ ಸೂರಿನಡಿ ಕೊಟ್ಟರು, ಜಾತಿ ಕೇಳಲಿಲ್ಲ. ವ್ಯಾಪಾರಸ್ಥನಾದ ನನಗೆ ಅನಿಸುವುದಿಷ್ಟು: ಶಾಲೆಗೆ ಚೆಕ್ ಬರೆದುಕೊಟ್ಟು, ಕಲ್ಲಿನ ಮೇಲೆ ಹೆಸರು ಕೆತ್ತಿಸುವುದು ಸುಲಭ. ಸಮಿತಿಯ ಸಭೆಗೆ ಹೋಗಿ ಕೂತು, ಲೆಕ್ಕ ನೋಡಿ, ಯಾವ ಮಗು ಶಾಲೆ ಬಿಟ್ಟಿತು, ಏಕೆ ಬಿಟ್ಟಿತು ಎಂದು ವಿಚಾರಿಸುವುದೇ ಕಷ್ಟ. ನಮ್ಮ ಊರಿನ ಶಾಲೆಗಳಿಗೆ, ನಮ್ಮ ಸಮಾಜದ ವಿದ್ಯಾರ್ಥಿನಿಲಯಗಳಿಗೆ ಈಗ ಬೇಕಿರುವುದು ಈ ಎರಡನೆಯದು. ಮುಂದಿನ ಸಲ ಕುಂಭೋಜಕ್ಕೆ ಹೋದಾಗ ಮಕ್ಕಳಿಗೆ ಈ ಮಹನೀಯರ ಕಥೆಯನ್ನೂ ಹೇಳಿ.

ಜೈ ಜಿನೇಂದ್ರ.