ಭದ್ರಾವತಿಯ ಕುಲುಮೆ ಮತ್ತು ಸರ್ ಎಂ.ವಿ.

ಸರ್ ಎಂ. ವಿಶ್ವೇಶ್ವರಯ್ಯನವರೆಂದರೆ ಹೊರನಾಡ ಕನ್ನಡಿಗರಾದ ನಮಗೆ ಮೊದಲು ನೆನಪಾಗುವುದು ಕನ್ನಂಬಾಡಿ ಕಟ್ಟೆ. ಆದರೆ ಅವರಿಗೆ ಬಹಳ ನಿಂದೆ ತಂದ ಕೆಲಸ ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಅದಕ್ಕೂ ನಾವು ನೆಲೆಸಿರುವ ಈ ಸೀಮೆಗೂ ಒಂದು ನಂಟಿದೆ.

ಮುದ್ದೇನಹಳ್ಳಿಯ ಬಡ ಮನೆಯಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿ ಓದಿದವರು ಅವರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ ಮುಂಬಯಿ ಸರ್ಕಾರದಲ್ಲಿ ದುಡಿದು, 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನರಾದರು. 1898ರಲ್ಲಿ ಜಪಾನನ್ನು ಕಂಡು ಬಂದವರಿಗೆ, ನಮ್ಮ ಗಂಧದ ಮರ ಹೊರದೇಶಕ್ಕೆ ಹೋಗಿ ಅಲ್ಲಿ ಎಣ್ಣೆಯಾಗುವುದು ಸಹಿಸಲಿಲ್ಲ. 1916ರಲ್ಲಿ ಮೈಸೂರಿನದೇ ಗಂಧದೆಣ್ಣೆ ತಯಾರಾಯಿತು.

ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು, ಸುತ್ತ ಕಾಡಿತ್ತು. ಕಲ್ಲಿದ್ದಲು ಮಾತ್ರ ಇರಲಿಲ್ಲ. ನ್ಯೂಯಾರ್ಕಿನ ಪೆರಿನ್ ಅಂಡ್ ಮಾರ್ಷಲ್ ಸಂಸ್ಥೆ ಪರಿಶೀಲಿಸಿ, ಇದ್ದಿಲಿನಿಂದಲೇ ಕಬ್ಬಿಣ ಕರಗಿಸಬಹುದೆಂದು ವರದಿ ಕೊಟ್ಟಿತು. ಸೌದೆ ಬಟ್ಟಿಯಿಳಿಸಿದಾಗ ಇದ್ದಿಲಿನ ಜೊತೆಗೆ ಮೆಥನಾಲೂ ಬರುತ್ತದೆ. (ಕುಡಿದರೆ ಕಣ್ಣು ಕಳೆಯುವ ಅದೇ ದ್ರವ, ವೈದ್ಯರಾದ ನಮಗೆ ಅದರ ಪರಿಚಯ ಬೇರೆ ಬಗೆಯದು.) 1923ರ ಜನವರಿಯಲ್ಲಿ ಕುಲುಮೆ ಉರಿಯುವ ಹೊತ್ತಿಗೆ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ಬಿಳಿಯಾನೆಯೆಂದು ಜನ ಆಡಿಕೊಂಡರು. ದಿವಾನಗಿರಿಯನ್ನು 1918ರಲ್ಲೇ ಬಿಟ್ಟಿದ್ದ ಅವರು ಮರಳಿ ಬಂದು 1929ರವರೆಗೆ ಅಧ್ಯಕ್ಷರಾಗಿದ್ದು, ವೆಚ್ಚ ತಗ್ಗಿಸಿ, ನಮ್ಮ ಹುಡುಗರನ್ನೇ ಕೆಲಸಕ್ಕೆ ತಯಾರು ಮಾಡಿದರು. ತಮಗೆ ಸಲ್ಲಬೇಕಾದ ಹಣವನ್ನು ಬೆಂಗಳೂರಿನಲ್ಲಿ ಕಸುಬು ಕಲಿಸುವ ಶಾಲೆಗೆ ಬಿಟ್ಟುಕೊಟ್ಟರು. ಅದೇ ಇಂದಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್. 1936ರಲ್ಲಿ ಭದ್ರಾವತಿ ಉಕ್ಕನ್ನೂ ತಯಾರಿಸಿತು.

ಅವರು 1962ರಲ್ಲಿ ತೀರಿಕೊಂಡರು. ಅವರ ಹೆಸರನ್ನೇ ಪಡೆದ ಕಾರ್ಖಾನೆ 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಸೇರಿತು. ಸ್ವಂತ ಗಣಿ ನಿಂತಿತು, ಯಂತ್ರಗಳು ಹಳತಾದವು, ಹೊಸ ಬಂಡವಾಳ ಬರಲಿಲ್ಲ. ಪಕ್ಕದ ಕಾಗದದ ಕಾರ್ಖಾನೆ 2015ರಲ್ಲಿ ಸ್ತಬ್ಧವಾಯಿತು. 2001ರಿಂದ 2011ರೊಳಗೆ ಊರಿನ ಜನಸಂಖ್ಯೆಯೇ ಇಳಿಯಿತು. 2023ರ ಜನವರಿಯಲ್ಲಿ, ಸರಿಯಾಗಿ ನೂರು ತುಂಬಿದ ತಿಂಗಳಲ್ಲಿ, ಮುಚ್ಚುವ ನಿರ್ಧಾರ ಹೊರಬಿತ್ತು. ಕಾರ್ಮಿಕರು ಹೋರಾಡಿದ ಮೇಲೆ ಅದೇ ವರ್ಷ ಕೆಲಸ ಅಲ್ಪಸ್ವಲ್ಪ ಮರಳಿತು.

ಇಲ್ಲಿ ನಾವು ದಾಟುವ ಜಾರ್ಜ್ ವಾಷಿಂಗ್ಟನ್ ಸೇತುವೆಯ ಉಕ್ಕಿನ ಹಗ್ಗ ಟ್ರೆಂಟನ್ನಿನ ರೋಬ್ಲಿಂಗ್ ಕಂಪನಿಯದು. ಟ್ರೆಂಟನ್ನಿನ ಆ ಗಿರಣಿ 1974ರಲ್ಲಿ ಮುಚ್ಚಿತು. ಗಿರಣಿಗಳಲ್ಲಿ ದುಡಿದ ಮುದುಕರು ನಮ್ಮ ಬಳಿಗೂ ಬರುತ್ತಾರೆ. ಕೆಲಸದೊಡನೆ ಆರೋಗ್ಯವಿಮೆಯೂ ಹೋದಾಗ ಮೊದಲು ನಿಲ್ಲಿಸಿದ್ದು ರಕ್ತದೊತ್ತಡದ ಮಾತ್ರೆ ಎನ್ನುತ್ತಾರೆ. ಭದ್ರಾವತಿಯಿಂದ ಬಂದ ಗೆಳೆಯರು ಹೇಳುವುದು ಕ್ವಾರ್ಟರ್ಸಿನ ಬೀಗ ಹಾಕಿದ ಮನೆಗಳ ಮಾತು.